ಕೊಡುವವರ ಹೆಸರಿಲ್ಲದ ಪಟ್ಟಿ: ಹವಾಮಾನ ನೆರವಿನ ಹಗ್ಗಜಗ್ಗಾಟ ಇಲ್ಲಿಗೆ ಬಂದದ್ದು ಹೇಗೆ

2024ರ ನವೆಂಬರ್ 24ರ ನಸುಕಿನಲ್ಲಿ, ಅಜರ್‌ಬೈಜಾನ್‌ನ ಬಾಕು ನಗರದಲ್ಲಿ, ವಿಶ್ವಸಂಸ್ಥೆಯ 29ನೇ ಹವಾಮಾನ ಸಮ್ಮೇಳನದ ಅಧ್ಯಕ್ಷರು ಸುತ್ತಿಗೆ ಬಡಿದು ಹಣಕಾಸಿನ ನಿರ್ಣಯ ಅಂಗೀಕಾರವಾಯಿತು ಎಂದು ಸಾರಿದರು. ಅದಾದ ಮೇಲೆ ಮೈಕ್ ಸಿಕ್ಕ ಭಾರತದ ಪ್ರತಿನಿಧಿ ಚಾಂದನಿ ರೈನಾ, ಈ ದಾಖಲೆ ಕಣ್ಕಟ್ಟಿಗಿಂತ ಹೆಚ್ಚೇನೂ ಅಲ್ಲ, ಭಾರತ ಇದನ್ನು ಒಪ್ಪುವುದಿಲ್ಲ ಎಂದರು. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ನಿರ್ಣಯ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ.

ಸುದ್ದಿ ಓದಿದ ಅನೇಕರಿಗೆ ಗೊಂದಲವಾದದ್ದು ಸಹಜ. ಶ್ರೀಮಂತ ದೇಶಗಳ ಮುಂದಾಳತ್ವದಲ್ಲಿ 2035ರ ಹೊತ್ತಿಗೆ ಬಡ ದೇಶಗಳ ಹವಾಮಾನ ಕೆಲಸಗಳಿಗೆ ವರ್ಷಕ್ಕೆ ಕನಿಷ್ಠ 30,000 ಕೋಟಿ ಡಾಲರ್ ಎಂದು ಆ ನಿರ್ಣಯ ಹೇಳುತ್ತದೆ. ಹಿಂದಿನ, ಅಂದರೆ 2009ರ ವಾಗ್ದಾನದ ಮೂರು ಪಟ್ಟು. ಕೊಡುತ್ತೇನೆ ಎಂದವರ ಮೇಲೆ ಪಡೆಯುವವರು ಸಿಟ್ಟಾಗುವುದೇಕೆ? ಮೊತ್ತ ಸಾಲದು ಎಂಬುದು ಅರ್ಧ ಉತ್ತರ. ಉಳಿದರ್ಧ ಸಿಗಬೇಕಾದರೆ ಹಿಂದಿನ ವಾಗ್ದಾನದ ಲೆಕ್ಕವನ್ನು ಹೇಗೆ ಬರೆದರು ಎಂದು ನೋಡಬೇಕು.

1972ರ ಸ್ಟಾಕ್‌ಹೋಮ್ ಸಭೆಯಲ್ಲಿ ಇಂದಿರಾ ಗಾಂಧಿ ಬಡತನ ಮತ್ತು ಪರಿಸರದ ಮಾತನ್ನು ಒಟ್ಟಿಗೇ ಎತ್ತಿದ್ದರಿಂದ ಹಿಡಿದು 1992ರ ರಿಯೊ ಒಪ್ಪಂದದವರೆಗಿನ ಇಪ್ಪತ್ತು ವರ್ಷದ ಫಲವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಹೊಣೆ ಎಲ್ಲರದ್ದೂ ಹೌದು, ಆದರೆ ಎಲ್ಲರದ್ದೂ ಸಮನಲ್ಲ ಎಂಬ ತತ್ವ ಕಾಗದದ ಮೇಲೆ ಬಂತು. ರಿಯೊ ಒಪ್ಪಂದ ಅಷ್ಟಕ್ಕೇ ನಿಲ್ಲಲಿಲ್ಲ. ಆಗಿನ ಶ್ರೀಮಂತ ದೇಶಗಳ ಒಂದು ಪಟ್ಟಿ ಮಾಡಿ, ಇವರು 'ಹೊಸ ಮತ್ತು ಹೆಚ್ಚುವರಿ' ಹಣ ಕೊಡಬೇಕು ಎಂದಿತು. ಅಂದರೆ ಶಾಲೆ, ಆಸ್ಪತ್ರೆ, ಕುಡಿಯುವ ನೀರಿಗೆಂದು ಮೊದಲಿನಿಂದ ಬರುತ್ತಿದ್ದ ನೆರವಿಗೇ ಹವಾಮಾನದ ಚೀಟಿ ಅಂಟಿಸಿದರೆ ಆಗದು. ಬಡ ದೇಶಗಳು ತಮ್ಮ ಪಾಲಿನ ಕೆಲಸವನ್ನು ಎಷ್ಟು ಮಾಡುತ್ತವೆ ಎನ್ನುವುದು ಈ ಹಣ ಎಷ್ಟು ಬರುತ್ತದೆ ಎಂಬುದನ್ನೇ ಅವಲಂಬಿಸಿದೆ ಎಂದೂ ಬರೆದರು. ಎಷ್ಟು ಹಣ, ಯಾರ ಪಾಲು ಎಷ್ಟು ಎಂಬುದನ್ನು ಮಾತ್ರ ಬರೆಯಲಿಲ್ಲ. ಮುಂದಿನ ಮೂರು ದಶಕದ ಜಗಳ ಆ ಖಾಲಿ ಜಾಗದಲ್ಲೇ ನಡೆದಿದೆ.

ಹೊಗೆ ತಗ್ಗಿಸುವ ಜಾಗತಿಕ ಒಪ್ಪಂದವಾದ 1997ರ ಕ್ಯೋಟೊ ಶಿಷ್ಟಾಚಾರ ಈ ಪ್ರಶ್ನೆಯನ್ನು ನೇರವಾಗಿ ಎದುರಿಸದೆ ಮಾರುಕಟ್ಟೆಗೆ ಒಪ್ಪಿಸಿತು. ಬಡ ದೇಶದಲ್ಲಿ ಹೊಗೆ ತಗ್ಗಿಸಿದರೆ ಅದಕ್ಕೊಂದು ಕಾರ್ಬನ್ ಕ್ರೆಡಿಟ್, ಅದನ್ನು ಶ್ರೀಮಂತ ದೇಶದ ಕಂಪನಿ ಕೊಳ್ಳಬಹುದು. ಕರ್ನಾಟಕಕ್ಕೆ ಈ ಕತೆಯ ನೇರ ಪರಿಚಯವಿದೆ. ಬಾಗೇಪಲ್ಲಿ ಕೂಲಿ ಸಂಘ ಆಗಿನ ಕೋಲಾರ ಜಿಲ್ಲೆಯ ಹಳ್ಳಿಮನೆಗಳಲ್ಲಿ 5,500 ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆಯನ್ನು 2005ರಲ್ಲಿ ಈ ವ್ಯವಸ್ಥೆಯಡಿ ನೋಂದಾಯಿಸಿತು. ಸೌದೆ, ಸೀಮೆಎಣ್ಣೆ ಉಳಿದಷ್ಟೂ ಕ್ರೆಡಿಟ್, ಕ್ರೆಡಿಟ್ ಮಾರಿದ ಹಣದಿಂದ ಘಟಕದ ಖರ್ಚು. ಕೂಲಿಕಾರರ ಅಡುಗೆಮನೆ ಯುರೋಪಿನ ಮಾರುಕಟ್ಟೆಗೆ ಸೇರಿದ್ದು ಸಣ್ಣ ಮಾತಲ್ಲ. ಆದರೆ ಅದೇ ಮಾರುಕಟ್ಟೆಯಲ್ಲಿ ಕ್ರೆಡಿಟ್‌ಗಳ ದೊಡ್ಡ ರಾಶಿ ಬಂದದ್ದು ಇಂಥ ಅಡುಗೆಮನೆಗಳಿಂದಲ್ಲ. ಭಾರತ, ಚೀನಾದ ಕೆಲವೇ ಶೀತಕ ಕಾರ್ಖಾನೆಗಳಲ್ಲಿ ಎಚ್‌ಎಫ್‌ಸಿ-23 ಎಂಬ ಉಪ ಉತ್ಪನ್ನದ ಅನಿಲವನ್ನು ಸುಡುವುದರಿಂದ ಅವು ಬಂದವು. ಒಂದು ಟನ್ ಸುಟ್ಟರೆ 11,700 ಟನ್ ಇಂಗಾಲದ ಡೈಆಕ್ಸೈಡ್ ತಡೆದ ಲೆಕ್ಕ. ಆ ಅನಿಲವನ್ನು ಸುಟ್ಟು ಗಳಿಸುವುದೇ ಲಾಭದಾಯಕ ದಂಧೆಯಾಗಿದೆ ಎಂಬ ದೂರು ಬಂದು, 2013ರಿಂದ ಯುರೋಪು ಅಂಥ ಕ್ರೆಡಿಟ್ ಕೊಳ್ಳುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಬೆಲೆಯೇ ನೆಲ ಕಚ್ಚಿತ್ತು. 2008ರಲ್ಲಿ 20 ಯೂರೊ ದಾಟಿದ್ದ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೊಗೂ ಬಾಳುತ್ತಿರಲಿಲ್ಲ.

ಹೀಗೆ ಮಾರುಕಟ್ಟೆಯ ದಾರಿ ಮಸುಕಾಗುತ್ತಿದ್ದ ಕಾಲದಲ್ಲೇ ಮತ್ತೊಂದು ದಾರಿ ತೆರೆಯಿತು.

2009ರ ಜೂನ್‌ನಲ್ಲಿ ಆಗಿನ ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ಒಂದು ಭಾಷಣದಲ್ಲಿ ವರ್ಷಕ್ಕೆ 10,000 ಕೋಟಿ ಡಾಲರ್ ಎಂಬ ಅಂಕಿಯನ್ನು ಮುಂದಿಟ್ಟರು. ಅದೇ ಡಿಸೆಂಬರ್‌ನ ಕೋಪನ್‌ಹೇಗನ್ ಸಮ್ಮೇಳನ ಮುರಿದು ಬೀಳುವ ಹಂತದಲ್ಲಿದ್ದಾಗ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಬಂದು, 2020ರ ಹೊತ್ತಿಗೆ ಅಷ್ಟು ಹಣ ಕೂಡಿಸಲು ಇತರರ ಜತೆ ಸೇರಿ ದುಡಿಯಲು ತಮ್ಮ ದೇಶ ಸಿದ್ಧ ಎಂದರು. ಷರತ್ತೂ ಇತ್ತು: ದೊಡ್ಡ ಅಭಿವೃದ್ಧಿಶೀಲ ದೇಶಗಳು ತಮ್ಮ ಹೊಗೆಯ ಲೆಕ್ಕವನ್ನು ಪಾರದರ್ಶಕವಾಗಿ ಕೊಡಬೇಕು. ಮರುದಿನ ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾದ ನಾಯಕರು ಕೂತಿದ್ದ ಕೋಣೆಗೆ ಬರಾಕ್ ಒಬಾಮ ಕರೆಯದೆ ನುಗ್ಗಿದ್ದು ಈಗ ದಂತಕತೆ. ಮನಮೋಹನ್ ಸಿಂಗ್ ಜತೆಗಿದ್ದ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್ ಅಂದಿನ ಮಾತುಕತೆಯ ಮುಖ್ಯರಲ್ಲೊಬ್ಬರು. ಆ ಕೋಣೆಯಲ್ಲಿ ಕುದುರಿದ ಒಡಂಬಡಿಕೆಯನ್ನು ಬೊಲಿವಿಯಾ, ವೆನೆಜುವೆಲಾ, ಸುಡಾನ್, ತುವಾಲು ಮುಂತಾದವು ವಿರೋಧಿಸಿದವು. ಸಮ್ಮೇಳನ ಅದನ್ನು ಅಂಗೀಕರಿಸಲಿಲ್ಲ, 'ಗಮನಕ್ಕೆ ತೆಗೆದುಕೊಂಡಿತು', ಅಷ್ಟೆ. ಮುಂದಿನ ವರ್ಷ ಮೆಕ್ಸಿಕೊದ ಕ್ಯಾನ್‌ಕೂನ್‌ನಲ್ಲಿ ಅದೇ ಅಂಕಿಗೆ ಅಧಿಕೃತ ಮುದ್ರೆ ಬಿತ್ತು.

ಈ ವಾಗ್ದಾನದ ಜಾಣತನ ನೋಡಿ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕದಲ್ಲಿ ಮೊದಲು ಹೆಸರು, ಊರು, ಎದುರಿಗೆ ಮೊತ್ತ, ಕೊನೆಗೆ ಒಟ್ಟು. ಕೋಪನ್‌ಹೇಗನ್‌ನಲ್ಲಿ ಒಟ್ಟು ಮೊತ್ತವನ್ನು ಮೊದಲೇ ಬರೆದರು, ಹೆಸರಿನ ಸಾಲುಗಳನ್ನು ಬಿಟ್ಟರು. ಯಾವ ದೇಶದ ಪಾಲು ಎಷ್ಟೆಂದು ಇಲ್ಲವಾದ್ದರಿಂದ ಯಾವ ದೇಶವೂ ಬಾಕಿದಾರನಲ್ಲ. ಹಣ ಸರ್ಕಾರದ್ದಿರಬಹುದು, ಖಾಸಗಿಯದ್ದಿರಬಹುದು, ನೇರ ಬರಬಹುದು, ಬ್ಯಾಂಕುಗಳ ಮೂಲಕ ಬರಬಹುದು. ದಾನವೋ ಸಾಲವೋ ಎಂಬ ಪ್ರಶ್ನೆ ಏಳಲೇ ಇಲ್ಲ. ಹವಾಮಾನ ಹಣಕಾಸು ಎಂದರೇನು ಎಂಬ ವ್ಯಾಖ್ಯೆಯೂ ಇಲ್ಲ.

ವ್ಯಾಖ್ಯೆ ಇಲ್ಲದೆಡೆ ಲೆಕ್ಕ ಬರೆಯುವವನೇ ರಾಜ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2015ರಲ್ಲಿ, ಹಿಂದಿನ ವರ್ಷ 6,200 ಕೋಟಿ ಡಾಲರ್ ಹರಿದಿದೆ ಎಂದು ವರದಿ ಕೊಟ್ಟಿತು. ಪ್ಯಾರಿಸ್ ಸಮ್ಮೇಳನಕ್ಕೆ ಮುನ್ನ ಭಾರತದ ಹಣಕಾಸು ಸಚಿವಾಲಯ ಅದನ್ನು ಬಿಡಿಸಿ ನೋಡಿ ಒಂದು ಟಿಪ್ಪಣಿ ಹೊರಡಿಸಿತು: ಹವಾಮಾನಕ್ಕೆಂದೇ ಸ್ಥಾಪಿಸಿದ 17 ನಿಧಿಗಳಿಂದ ನಿಜವಾಗಿ ಬಿಡುಗಡೆಯಾದ ಹಣ 220 ಕೋಟಿ ಡಾಲರ್ ಮಾತ್ರ. ಸಚಿವಾಲಯದ ಲೆಕ್ಕವೂ ಪೂರ್ತಿ ನ್ಯಾಯದ್ದಲ್ಲ, ಅದು ವಿಶೇಷ ನಿಧಿಗಳನ್ನು ಮಾತ್ರ ಎಣಿಸಿತ್ತು. ಆದರೂ ಒಂದೇ ಹಣದ ಬಗ್ಗೆ ಎರಡು ಲೆಕ್ಕಗಳ ನಡುವೆ ಇಪ್ಪತ್ತೆಂಟು ಪಟ್ಟು ಅಂತರ ಬರುತ್ತದೆ ಎಂದರೆ ಅಳತೆಗೋಲೇ ಇಲ್ಲ ಎಂದರ್ಥ.

ಮುಂದಿನ ವರ್ಷಗಳಲ್ಲೂ ಇದೇ ಆಟ. 2020ರ ಗಡುವಿಗೆ ಒಇಸಿಡಿ ಲೆಕ್ಕದಲ್ಲೇ ಬಂದದ್ದು 8,330 ಕೋಟಿ. ಆಕ್ಸ್‌ಫ್ಯಾಮ್ ಎಂಬ ಸ್ವಯಂಸೇವಾ ಸಂಸ್ಥೆ ಅದೇ ವರ್ಷದ ಹಣದಿಂದ ಸಾಲದ ಮರುಪಾವತಿ, ಬಡ್ಡಿ, ಉತ್ಪ್ರೇಕ್ಷೆಗಳನ್ನು ಕಳೆದು ನಿಜವಾದ ಮೌಲ್ಯ 2,100ರಿಂದ 2,450 ಕೋಟಿ ಎಂದಿತು. ರಾಯಿಟರ್ಸ್ ಸುದ್ದಿಸಂಸ್ಥೆ 2023ರಲ್ಲಿ ಈ ಪಟ್ಟಿಯನ್ನು ಕೆದಕಿದಾಗ ಸಿಕ್ಕದ್ದು ಇನ್ನೂ ವಿಚಿತ್ರ: ಬಾಂಗ್ಲಾದೇಶದ ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರ, ಈಜಿಪ್ಟಿನ ವಿಮಾನ ನಿಲ್ದಾಣದ ವಿಸ್ತರಣೆ, ಹೈಟಿಯ ಕಡಲತೀರದ ಹೋಟೆಲು, ಏಷ್ಯಾದಲ್ಲಿ ಚಾಕೊಲೇಟ್ ಮತ್ತು ಐಸ್‌ಕ್ರೀಮ್ ಅಂಗಡಿಗಳು. ಎಲ್ಲವೂ ಹವಾಮಾನ ನೆರವಿನ ಖಾತೆಯಲ್ಲಿ ನಮೂದಾಗಿದ್ದವು. ಯಾವ ದೇಶವೂ ನಿಯಮ ಮುರಿದಿರಲಿಲ್ಲ. ಮುರಿಯಲು ನಿಯಮವಾದರೂ ಎಲ್ಲಿತ್ತು?

ಗುರಿ ಮುಟ್ಟಿದ್ದು 2022ರಲ್ಲಿ, ಎರಡು ವರ್ಷ ತಡವಾಗಿ, 11,590 ಕೋಟಿ ಡಾಲರ್‌ನೊಂದಿಗೆ. ಅದರಲ್ಲಿ ಸರ್ಕಾರಿ ಮೂಲದ ಹಣ 9,160 ಕೋಟಿ. ಅದರ ಶೇ 69ರಷ್ಟು ಸಾಲ, ಶೇ 28ರಷ್ಟು ಮಾತ್ರ ಅನುದಾನ. ಸಾಲ ಎಂದರೆ ಅಸಲು, ಬಡ್ಡಿ ಸಮೇತ ವಾಪಸು ಹೋಗುವ ಹಣ. ಹೋದದ್ದನ್ನು ಈ ಖಾತೆಯಲ್ಲಿ ಕಳೆಯುವುದಿಲ್ಲ. ಸೌರ ವಿದ್ಯುತ್ ಘಟಕ ಕಟ್ಟಲು ಸಾಲ ತೆಗೆದರೆ ಅದು ದುಡಿದು ತೀರಿಸೀತು. ಉಪ್ಪುನೀರು ನುಗ್ಗಿದ ಊರಿಗೆ ತಡೆಗೋಡೆ ಕಟ್ಟಲು ತೆಗೆದ ಸಾಲವನ್ನು ಯಾವ ಗಳಿಕೆಯಿಂದ ತೀರಿಸುವುದು? ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳುವ ಇಂಥ ಕೆಲಸಕ್ಕೆ ಖಾಸಗಿ ಬಂಡವಾಳ ಬರುವುದು ಅಪರೂಪ. ಹಾಗಾಗಿ ಬಹುತೇಕ ದೇಶಗಳು ಕೈಯಿಂದಲೇ ಹಾಕುತ್ತವೆ. ಹೊಂದಾಣಿಕೆಗೆ ಸಂಬಂಧಿಸಿದ ತನ್ನ ಖರ್ಚು 2021-22ರಲ್ಲಿ ಜಿಡಿಪಿಯ ಶೇ 5.6 ಮುಟ್ಟಿತ್ತು ಎಂದು ಭಾರತ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ.

ಇದೆಲ್ಲದರ ಪಕ್ಕದಲ್ಲೇ, ಇನ್ನೂ ನಿಧಾನವಾಗಿ, ಮತ್ತೊಂದು ವಾದ ತೆವಳುತ್ತಿತ್ತು. ಸಮುದ್ರ ಏರಿ ಮುಳುಗುವ ದೇಶಗಳಿಗೆ ವಿಮೆಯಂಥ ನಿಧಿ ಬೇಕೆಂದು ಪುಟ್ಟ ದ್ವೀಪರಾಷ್ಟ್ರಗಳ ಪರವಾಗಿ ವನುವಾಟು ಕೇಳಿದ್ದು 1991ರಲ್ಲಿ. 'ನಷ್ಟ ಮತ್ತು ಹಾನಿ' ನಿಧಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ, ಅದೂ ಅಭಿವೃದ್ಧಿಶೀಲ ದೇಶಗಳ ಗುಂಪಿನ ಅಧ್ಯಕ್ಷತೆ ವಹಿಸಿದ್ದ ಪಾಕಿಸ್ತಾನ ಭೀಕರ ಪ್ರವಾಹದಿಂದ ಆಗಷ್ಟೇ ತತ್ತರಿಸಿದ್ದಾಗ. ನಡುವೆ ಮೂವತ್ತೊಂದು ವರ್ಷ. 2015ರ ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಈ ವಿಷಯವನ್ನು ಸೇರಿಸುವಾಗಲೇ, ಇದರಿಂದ ಯಾವ ಪರಿಹಾರದ ಹಕ್ಕೂ ಹುಟ್ಟದು ಎಂಬ ಸಾಲನ್ನು ಜತೆಗಿನ ನಿರ್ಣಯದಲ್ಲಿ ಪೋಣಿಸಿ ಬಾಗಿಲು ಮುಚ್ಚಲಾಗಿತ್ತು. 2023ರ ದುಬೈ ಸಮ್ಮೇಳನದಲ್ಲಿ ನಿಧಿಗೆ ಹರಿದ ಭರವಸೆ ಸುಮಾರು 70 ಕೋಟಿ ಡಾಲರ್. ಅಮೆರಿಕದ ಪಾಲು 1.75 ಕೋಟಿ. ಪಾಕಿಸ್ತಾನದ ಆ ಒಂದು ಪ್ರವಾಹದ ನಷ್ಟವೇ 3,000 ಕೋಟಿ ಡಾಲರ್ ಮೀರಿತ್ತು.

ಬಾಕುವಿಗೆ ಬಂದಾಗ ಬಡ ದೇಶಗಳ ಬೇಡಿಕೆ ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಆಗಿತ್ತು. ಚೀನಾ ಬಿಟ್ಟು ಉಳಿದ ಅಭಿವೃದ್ಧಿಶೀಲ ದೇಶಗಳಿಗೆ 2035ರ ವೇಳೆಗೆ ಹೊರಗಿನಿಂದ ಅಷ್ಟು ಬೇಕಾಗುತ್ತದೆಂದು ನಿಕೊಲಸ್ ಸ್ಟರ್ನ್ ಮತ್ತಿತರ ಅರ್ಥಶಾಸ್ತ್ರಜ್ಞರ ತಂಡವೂ ಅಂದಾಜಿಸಿತ್ತು. ಶ್ರೀಮಂತ ದೇಶಗಳು ಕೊನೆಯ ದಿನಗಳವರೆಗೆ ಅಂಕಿಯನ್ನೇ ಬಾಯಿಬಿಡಲಿಲ್ಲ. ಮೊದಲು 25,000 ಕೋಟಿಯ ಕರಡು ಬಂತು. ದ್ವೀಪರಾಷ್ಟ್ರಗಳು ಮತ್ತು ಅತಿ ಬಡ ದೇಶಗಳ ಪ್ರತಿನಿಧಿಗಳು ಸಭೆಯಿಂದ ಎದ್ದು ಹೊರನಡೆದರು. ಆಮೇಲೆ 30,000 ಆಯಿತು. 1.3 ಲಕ್ಷ ಕೋಟಿಯನ್ನೂ ಬಿಡಲಿಲ್ಲ, ಎಲ್ಲರೂ ಸೇರಿ ಮುಟ್ಟಬೇಕಾದ ದೂರದ ಗುರಿಯಾಗಿ ಬರೆದರು.

ಕೋಪನ್‌ಹೇಗನ್‌ನ ರಂಧ್ರಗಳು ಇಲ್ಲಿ ಇನ್ನಷ್ಟು ಅಗಲವಾದವು. ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್‌ನಂಥ ಸಂಸ್ಥೆಗಳ ಹವಾಮಾನ ಸಂಬಂಧಿ ಸಾಲವೆಲ್ಲ ಈ ಮೊತ್ತಕ್ಕೆ ಸೇರಬಹುದು. ಮೊದಲು ಆ ಬ್ಯಾಂಕುಗಳಲ್ಲಿ ಶ್ರೀಮಂತ ದೇಶಗಳ ಪಾಲಿಗೆ ಸಲ್ಲುವಷ್ಟನ್ನು ಮಾತ್ರ ಎಣಿಸುತ್ತಿದ್ದರು. ಅವುಗಳಲ್ಲಿ ಭಾರತಕ್ಕೂ ಷೇರಿದೆ. ನಮ್ಮ ಬಂಡವಾಳವೂ ಸೇರಿ ಹುಟ್ಟಿದ ಸಾಲವನ್ನು ನಾವೇ ಪಡೆದು, ಬಡ್ಡಿ ಕಟ್ಟಿ, ಅದು ಬೇರೆಯವರ ವಾಗ್ದಾನದ ಪೂರೈಕೆಯಾಗುವುದನ್ನು ನೋಡಬೇಕು. ಈ ಬ್ಯಾಂಕುಗಳು 2030ರ ವೇಳೆಗೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ 12,000 ಕೋಟಿ ಡಾಲರ್ ಕೊಡುವುದಾಗಿ ಬಾಕುವಿನಲ್ಲೇ ಘೋಷಿಸಿದವು. ಅಂದರೆ ಹೊಸ ಗುರಿಯ ದೊಡ್ಡ ಪಾಲು ಯಾವ ಖಜಾನೆಗೂ ಹೊಸ ಹೊರೆಯಾಗದೆ ತುಂಬಬಹುದು.

ಇನ್ನೊಂದು ಕಡೆಯ ಮಾತಲ್ಲೂ ಹುರುಳಿಲ್ಲ ಎನ್ನಲಾಗದು. 1992ರ ಪಟ್ಟಿ ಅಂದಿನ ಜಗತ್ತಿನದು. ಕತಾರ್, ಸಿಂಗಪುರ, ದಕ್ಷಿಣ ಕೊರಿಯಾ ಕೊಡಬೇಕಾದವರ ಸಾಲಿನಲ್ಲಿಲ್ಲ. ಈಗ ಅತಿ ಹೆಚ್ಚು ಹೊಗೆ ಉಗುಳುವ ಚೀನಾ ಕೂಡ ಇಲ್ಲ. ತಾನು 2016ರಿಂದ ಇತರ ಅಭಿವೃದ್ಧಿಶೀಲ ದೇಶಗಳಿಗೆ 17,700 ಕೋಟಿ ಯುವಾನ್ ಒದಗಿಸಿದ್ದೇನೆ ಎಂದು ಚೀನಾ ಬಾಕುವಿನಲ್ಲಿ ಹೇಳಿತು. ಆದರೆ ಅದು ಸ್ವಇಚ್ಛೆಯದು, ಬಾಧ್ಯತೆಯಲ್ಲ ಎಂಬ ಗೆರೆ ದಾಟಲಿಲ್ಲ. ಕೊಡುವವರ ಪಟ್ಟಿ ಬೆಳೆಯಲಿ ಎನ್ನುವ ವಾದ ನ್ಯಾಯವೇ. ಹಳೆಯ ಪಟ್ಟಿಯಲ್ಲಿದ್ದವರ ಬಾಕಿಯನ್ನು ಮರೆಸಲು ಅದನ್ನು ಬಳಸಿದಾಗ ಮಾತ್ರ ಕೇಳುವವರಿಗೆ ಅನುಮಾನ ಬರುತ್ತದೆ.

2025ರ ನವೆಂಬರ್‌ನಲ್ಲಿ ಅಮೆಜಾನ್ ನದಿಯ ಮುಖದ ಬ್ರೆಜಿಲ್ ನಗರ ಬೆಲೆಮ್‌ನಲ್ಲಿ 30ನೇ ಸಮ್ಮೇಳನ ನಡೆಯಿತು. ಪ್ಯಾರಿಸ್ ಒಪ್ಪಂದದಿಂದ ಹೊರಹೋಗುವ ಆದೇಶಕ್ಕೆ ಅಷ್ಟರಲ್ಲಾಗಲೇ ಸಹಿ ಹಾಕಿದ್ದ ಅಮೆರಿಕ ಸರ್ಕಾರ ನಿಯೋಗವನ್ನೇ ಕಳುಹಿಸಲಿಲ್ಲ. ಹೊಂದಾಣಿಕೆಯ ಹಣವನ್ನು 2035ರ ಹೊತ್ತಿಗೆ ಮೂರು ಪಟ್ಟು ಮಾಡಲು ಪ್ರಯತ್ನಿಸಬೇಕೆಂದು ಬರೆದುಕೊಂಡರು. ಬಡ ದೇಶಗಳು ಕೇಳಿದ್ದು 2030. ಹಿಂದೆ ಗ್ಲಾಸ್ಗೊ ಸಮ್ಮೇಳನದಲ್ಲಿ ಇದೇ ಹಣವನ್ನು 2025ಕ್ಕೆ ದ್ವಿಗುಣಗೊಳಿಸಿ ಸುಮಾರು 4,000 ಕೋಟಿ ಡಾಲರ್‌ಗೆ ಒಯ್ಯುವ ಮಾತಿತ್ತು. 2023ರಲ್ಲಿ ಅದು 2,600 ಕೋಟಿಯಲ್ಲೇ ಇತ್ತು ಎಂದು ವಿಶ್ವಸಂಸ್ಥೆಯ ಪರಿಸರ ಸಂಸ್ಥೆ ವರದಿ ಮಾಡಿದೆ. 2035ರ ವೇಳೆಗೆ ವರ್ಷಕ್ಕೆ ಬೇಕಾಗುವುದು ಕನಿಷ್ಠ 31,000 ಕೋಟಿ ಎಂಬುದೂ ಅದೇ ಸಂಸ್ಥೆಯ ಅಂದಾಜು.

ಭಾರತ ಮತ್ತು ಸಂಗಾತಿ ದೇಶಗಳು ಬೆಲೆಮ್‌ನಲ್ಲಿ ಪಟ್ಟು ಹಿಡಿದದ್ದು ಇನ್ನೊಂದು ವಿಷಯಕ್ಕೆ: ಪ್ಯಾರಿಸ್ ಒಪ್ಪಂದದ 9ನೇ ವಿಧಿಯ ಮೊದಲ ಅಂಶ, ಅಂದರೆ ಶ್ರೀಮಂತ ದೇಶಗಳು ಹಣ ಒದಗಿಸಲೇಬೇಕೆಂಬ ಸಾಲು, ಪ್ರತ್ಯೇಕವಾಗಿ ಚರ್ಚೆಯಾಗಬೇಕು ಎಂದು. ಅವಕ್ಕೆ ದಕ್ಕಿದ್ದು ಹವಾಮಾನ ಹಣಕಾಸಿನ ಬಗ್ಗೆ ಎರಡು ವರ್ಷದ ಒಂದು ಕಾರ್ಯಕ್ರಮ. 9ನೇ ವಿಧಿಯ ಉಳಿದ ಅಂಶಗಳ ಜತೆಗೆ ಆ ಸಾಲೂ ಅದರೊಳಗೆ ಬರುತ್ತದೆ. ಯಾವ ದೇಶದ ಪಾಲು ಎಷ್ಟು, ಸಾಲವನ್ನು ಪೂರ್ತಿ ಮೊತ್ತಕ್ಕೆ ಎಣಿಸಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಅಲ್ಲೂ ಉತ್ತರ ಬರೆದಿಲ್ಲ.