ಡಿಟಿಪಿ ಕೆಲಸಕ್ಕೆ ಅಮೆರಿಕದ ವೀಸಾ: ಕನಿಷ್ಠ ಸಂಬಳ ನಿಗದಿಯಾಗುವುದು ಎಲ್ಲಿ?

ಪದವಿ ಬೇಕಾದ ಕೆಲಸಕ್ಕೆ ಅಮೆರಿಕದ ಕಂಪನಿಗಳು ವಿದೇಶಿಯರನ್ನು ಕರೆಸುವ ಎಚ್-1ಬಿ ವೀಸಾದಲ್ಲಿ ಹೋದವರಿಗೆ ವರ್ಷಕ್ಕೆ 60,000 ಡಾಲರ್ ಕೊಡಲೇಬೇಕು ಎಂಬ ಮಾತು ಎಷ್ಟು ಹಬ್ಬಿದೆಯೆಂದರೆ, ಕೆಲವು ಏಜೆಂಟರು ಅದನ್ನೇ ಕಾನೂನು ಎಂದು ಹೇಳಿ ಆಫರ್ ಲೆಟರ್ ಮುಂದಿಡುತ್ತಾರೆ. ಹಾಗೊಂದು ಕನಿಷ್ಠ ವೇತನ ಇಲ್ಲವೇ ಇಲ್ಲ. ಆ ಸಂಖ್ಯೆ ಬಂದದ್ದು 1998ರ ಕಾಯ್ದೆಯೊಂದರಿಂದ. ಸಿಬ್ಬಂದಿಯಲ್ಲಿ ಎಚ್-1ಬಿ ನೌಕರರ ಪಾಲು ಹೆಚ್ಚಿರುವ ಕಂಪನಿಗಳು, ಈ ಕೆಲಸಕ್ಕೆ ಮೊದಲು ಅಮೆರಿಕನ್ನರನ್ನು ಹುಡುಕಿದ್ದೇವೆ, ಯಾರನ್ನೂ ತೆಗೆದು ಈ ಜಾಗ ಮಾಡಿಲ್ಲ ಎಂದು ಹೆಚ್ಚುವರಿ ಪ್ರಮಾಣ ಮಾಡಬೇಕು. ನೌಕರನಿಗೆ 60,000 ಡಾಲರ್ ಅಥವಾ ಹೆಚ್ಚು ಸಂಬಳವಿದ್ದರೆ, ಇಲ್ಲವೇ ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಆ ಪ್ರಮಾಣದಿಂದ ವಿನಾಯಿತಿ. ಆ ಅಂಕಿಯ ಕೆಲಸ ಅಷ್ಟಕ್ಕೇ ಮುಗಿಯಿತು.

ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಕೆಲಸಕ್ಕೆಂದು ಪ್ರಾಯೋಜಕರನ್ನು (ವೀಸಾಕ್ಕೆ ಅರ್ಜಿ ಹಾಕುವ ಕಂಪನಿಯನ್ನು) ಹುಡುಕಿಕೊಂಡವರಿಗೆ ನಾನು ಹೇಳುವ ಮೊದಲ ಮಾತು ಒಂದೇ: ಸಂಬಳದ ಸಾಲನ್ನು ಆಮೇಲೆ ನೋಡಿ, ಕೆಲಸದ ವಿವರಣೆಯನ್ನು ಮೊದಲು ಓದಿ. ಅಮೆರಿಕದ ಕಾರ್ಮಿಕ ಇಲಾಖೆ ನಿಮ್ಮ ಕನಿಷ್ಠ ವೇತನವನ್ನು ಲೆಕ್ಕ ಹಾಕುವುದು ಆ ವಿವರಣೆಯಿಂದ.

ಕಾನೂನು ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡುತ್ತದೆ. ಒಂದು, ಆ ಪ್ರದೇಶದಲ್ಲಿ ಆ ವೃತ್ತಿಗೆ ಚಾಲ್ತಿಯಲ್ಲಿರುವ ವೇತನ. ಇನ್ನೊಂದು, ಅದೇ ಕಂಪನಿ ಅದೇ ಕೆಲಸದಲ್ಲಿರುವ, ಅಷ್ಟೇ ಅನುಭವದ ಉಳಿದವರಿಗೆ ನಿಜವಾಗಿ ಕೊಡುತ್ತಿರುವ ವೇತನ. ಎರಡರಲ್ಲಿ ಯಾವುದು ಹೆಚ್ಚೋ ಅದೇ ನಿಮ್ಮ ಕನಿಷ್ಠ. ಪಕ್ಕದ ಮೇಜಿನವನಿಗೆ ಇಲಾಖೆಯ ಅಂಕಿಗಿಂತ ಹೆಚ್ಚು ಕೊಡುತ್ತಾ, ನಿಮಗೆ ಇಲಾಖೆಯ ಅಂಕಿಯಷ್ಟೇ ಕೊಡುತ್ತೇನೆ ಎಂದರೆ ನಡೆಯದು. ಮೊದಲು ಶೇ 5ರಷ್ಟು ಕಡಿಮೆ ಕೊಡುವುದಕ್ಕೆ ಅವಕಾಶವಿತ್ತು. 2004ರ ತಿದ್ದುಪಡಿಯ ನಂತರ ಪೂರ್ತಿ ನೂರಕ್ಕೆ ನೂರು.

ಈಗ ವೃತ್ತಿಯ ಸಂಕೇತಕ್ಕೆ ಬರೋಣ. ಅಮೆರಿಕದ ಸರ್ಕಾರ ಪ್ರತಿ ವೃತ್ತಿಗೂ ಒಂದು ಸಂಖ್ಯೆ ಕೊಟ್ಟಿದೆ. ಡೆಸ್ಕ್‌ಟಾಪ್ ಪಬ್ಲಿಷರ್‌ಗೆ ಅದು 43-9031. ಮೊದಲ 43 ಅಂದರೆ ಕಚೇರಿ ಮತ್ತು ಆಡಳಿತ ಸಹಾಯಕ ಕೆಲಸಗಳ ಗುಂಪು. ಗ್ರಾಫಿಕ್ ಡಿಸೈನರ್ 27-1024, ಅಂದರೆ ಕಲೆ ಮತ್ತು ಮಾಧ್ಯಮದ ಗುಂಪು. ಮುದ್ರಣಕ್ಕೆ ಮೊದಲು ಫೈಲ್ ಸಿದ್ಧಪಡಿಸುವ ಪ್ರೀ-ಪ್ರೆಸ್ ತಂತ್ರಜ್ಞ 51-5111, ಉತ್ಪಾದನೆಯ ಗುಂಪು. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟಿ, ಚಿತ್ರ ಕೂರಿಸಿ, ಪ್ರೆಸ್‌ಗೆ ಹೋಗುವ ಪಿಡಿಎಫ್ ಮಾಡುವ ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಈ ಮೂರೂ ಗುಂಪಿನಲ್ಲಿ ಓಡಾಡುತ್ತಾನೆ. ಆದರೆ ಅರ್ಜಿಗೆ ಒಂದೇ ಸಂಕೇತ. ಇಲಾಖೆಯ ಮಾರ್ಗಸೂಚಿ, ಒಂದು ಹುದ್ದೆಯಲ್ಲಿ ಎರಡು ವೃತ್ತಿಗಳು ಬೆರೆತಿದ್ದರೆ ಹೆಚ್ಚು ಸಂಬಳದ ವೃತ್ತಿಯ ಸಂಕೇತ ಹಾಕಿ ಎನ್ನುತ್ತದೆ. ಮಾಲೀಕರು ಈ ಸಾಲನ್ನು ಸಾಮಾನ್ಯವಾಗಿ ಓದಿರುವುದಿಲ್ಲ. ಓದಿದ್ದರೆ, ಮರೆತಂತೆ ಇರುತ್ತಾರೆ.

ಇಲ್ಲೇ ಒಂದು ಇಕ್ಕಟ್ಟಿದೆ. ಎಚ್-1ಬಿ ಸಿಗಬೇಕಾದರೆ ಕೆಲಸಕ್ಕೆ ನಿರ್ದಿಷ್ಟ ವಿಷಯದಲ್ಲಿ ಪದವಿ ಬೇಕೇ ಬೇಕು ಎಂದು ತೋರಿಸಬೇಕು. ಡೆಸ್ಕ್‌ಟಾಪ್ ಪಬ್ಲಿಷಿಂಗ್‌ಗೆ ಅಮೆರಿಕದ ಸರ್ಕಾರಿ ವೃತ್ತಿ ಕೈಪಿಡಿಯೇ ಎರಡು ವರ್ಷದ ಅಸೋಸಿಯೇಟ್ ಪದವಿ ಸಾಮಾನ್ಯ ಅರ್ಹತೆ ಎನ್ನುತ್ತದೆ, ವೃತ್ತಿ ಕುಗ್ಗುತ್ತಿದೆ ಎಂದೂ ಹೇಳುತ್ತದೆ. ಹಾಗಾಗಿ 43-9031 ಸಂಕೇತದಲ್ಲಿ ಎಚ್-1ಬಿ ಪಡೆಯುವುದು ಬಹಳ ಕಷ್ಟ. ಇದನ್ನು ತಿಳಿದ ಪ್ರಾಯೋಜಕರು ಹುದ್ದೆಗೆ ಗ್ರಾಫಿಕ್ ಡಿಸೈನರ್ ಎಂದೋ ಪಬ್ಲಿಕೇಷನ್ ಸ್ಪೆಷಲಿಸ್ಟ್ ಎಂದೋ ಹೆಸರಿಡುತ್ತಾರೆ. ಕೆಲಸ ನಿಜಕ್ಕೂ ವಿನ್ಯಾಸದ್ದಾಗಿದ್ದರೆ ತಕರಾರಿಲ್ಲ. ಹೆಸರು ಡಿಸೈನರ್, ಕೂತು ಮಾಡುವುದು ಬೇರೆಯವರು ಮಾಡಿಟ್ಟ ಟೆಂಪ್ಲೇಟಿಗೆ ಪಠ್ಯ ಸುರಿಯುವ ಕೆಲಸವಾದರೆ, ಹೆಚ್ಚುವರಿ ಪುರಾವೆ ಕೇಳುವ ನೋಟಿಸ್ ಬಂದಾಗ ಉತ್ತರ ಇರುವುದಿಲ್ಲ. ಸುಳ್ಳು ವಿವರಣೆಯ ಮೇಲೆ ಸಿಕ್ಕ ವೀಸಾದ ಹೊರೆ ಕೊನೆಗೆ ನೌಕರನ ಕಡತದಲ್ಲೇ ಉಳಿಯುತ್ತದೆ, ಕಂಪನಿಯದ್ದು ಮುಂದೆ ಸಾಗುತ್ತದೆ.

ಸಂಕೇತ ಗೊತ್ತಾದ ಮೇಲೆ ಹಂತ. ಪ್ರತಿ ವೃತ್ತಿಗೂ, ಪ್ರತಿ ಪ್ರದೇಶಕ್ಕೂ ನಾಲ್ಕು ಹಂತದ ವೇತನವನ್ನು ಇಲಾಖೆ ಪ್ರಕಟಿಸುತ್ತದೆ. ಪ್ರತಿ ವರ್ಷ ಜುಲೈ 1ಕ್ಕೆ ಪಟ್ಟಿ ಹೊಸದಾಗುತ್ತದೆ, ಫ್ಲಾಗ್ ಎಂಬ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಮಧ್ಯದ ಎರಡು ಹಂತಗಳು ಬರುವುದು ಸರಳ ಗಣಿತದಿಂದ. ಲೆಕ್ಕಕ್ಕೆಂದು ಮೊದಲ ಹಂತ ಗಂಟೆಗೆ 20 ಡಾಲರ್, ನಾಲ್ಕನೆಯದು 35 ಡಾಲರ್ ಎಂದಿಟ್ಟುಕೊಳ್ಳಿ. ಅಂತರ 15, ಅದನ್ನು ಮೂರರಿಂದ ಭಾಗಿಸಿದರೆ 5. ಎರಡನೇ ಹಂತ 25, ಮೂರನೆಯದು 30. ಗಂಟೆಯ ದರವನ್ನು 2,080ರಿಂದ (ವಾರಕ್ಕೆ 40 ಗಂಟೆಯಂತೆ 52 ವಾರ) ಗುಣಿಸಿದರೆ ವರ್ಷದ ಸಂಬಳ. ಅಂದರೆ ಮೊದಲ ಹಂತದಲ್ಲಿ 41,600, ನಾಲ್ಕನೆಯದರಲ್ಲಿ 72,800. ಒಂದೇ ಊರು, ಒಂದೇ ವೃತ್ತಿ, 31,200 ಡಾಲರ್ ವ್ಯತ್ಯಾಸ. ಇವು ಉದಾಹರಣೆಯ ಅಂಕಿಗಳು, ನಿಮ್ಮ ಊರಿನವನ್ನು ಪಟ್ಟಿಯಲ್ಲೇ ನೋಡಬೇಕು.

ಹಂತ ನಿಗದಿಯಾಗುವುದು ಅಭ್ಯರ್ಥಿಯ ಅನುಭವದ ಮೇಲಲ್ಲ, ಹುದ್ದೆ ಕೇಳುವ ಅರ್ಹತೆಯ ಮೇಲೆ. ನನ್ನ ಬಳಿ ಬರುವವರಲ್ಲಿ ಅತಿ ಹೆಚ್ಚು ಜನ ಗೊಂದಲಪಡುವುದು ಇಲ್ಲಿಯೇ. ನಿಮಗೆ ಹದಿನೈದು ವರ್ಷದ ಅನುಭವವಿರಬಹುದು. ಹುದ್ದೆಗೆ ಅನುಭವವೇ ಬೇಡ, ಮೇಲಿನವರ ನಿಗಾದಲ್ಲಿ ಕೆಲಸ ಎಂದು ಬರೆದಿದ್ದರೆ ಲೆಕ್ಕ ಮೊದಲ ಹಂತದಲ್ಲೇ ನಿಲ್ಲುತ್ತದೆ. ಇಲಾಖೆಯ ಮಾರ್ಗಸೂಚಿಯಲ್ಲಿ ಎಲ್ಲರೂ ಒಂದು ಅಂಕದಿಂದ ಶುರು. ಆ ವೃತ್ತಿಗೆ ಸಾಮಾನ್ಯವಾದದ್ದಕ್ಕಿಂತ ಹೆಚ್ಚು ಅನುಭವ ಕೇಳಿದರೆ, ಹೆಚ್ಚಿನ ಪದವಿ ಕೇಳಿದರೆ, ಇತರರ ಮೇಲ್ವಿಚಾರಣೆ ಇದ್ದರೆ ಅಂಕ ಏರುತ್ತದೆ, ಅಂಕದ ಜೊತೆ ಹಂತವೂ.

ಬಹುಭಾಷಾ ಡಿಟಿಪಿ ಮಾಡುವವರು ಗಮನಿಸಬೇಕಾದದ್ದು ವಿಶೇಷ ಕೌಶಲದ ಸಾಲನ್ನು. ಪಠ್ಯವನ್ನು ಬೇರೆ ಬೇರೆ ಭಾಷೆಗಳಿಗೆ ಅಳವಡಿಸುವ ಲೋಕಲೈಸೇಷನ್ ಕಂಪನಿಗಳಲ್ಲಿ ಅರೇಬಿಕ್, ಹಿಂದಿ, ತಮಿಳು ಪುಟಗಳನ್ನು ಕಟ್ಟುವವರಿಂದ ಲಿಪಿ ಓದುವ ಶಕ್ತಿಯನ್ನು ನಿರೀಕ್ಷಿಸುತ್ತಾರೆ. ಒತ್ತಕ್ಷರ ಒಡೆದಿದೆಯೇ, ಸಾಲು ತಪ್ಪು ಜಾಗದಲ್ಲಿ ಮುರಿದಿದೆಯೇ ಎಂದು ಲಿಪಿ ಬಾರದವನಿಗೆ ಕಾಣುವುದೇ ಇಲ್ಲ. ಆ ಭಾಷೆ ಹುದ್ದೆಯ ಷರತ್ತಾದರೆ ಸಾಮಾನ್ಯವಾಗಿ ಒಂದು ಅಂಕ ಸೇರುತ್ತದೆ, ಅನುವಾದಕರಂತೆ ಭಾಷೆಯೇ ವೃತ್ತಿಯಾದವರಿಗೆ ಮಾತ್ರ ಸೇರುವುದಿಲ್ಲ. ಅಂಕ ಏರಿದರೆ ಸಂಬಳ ಏರಬೇಕು. ಅದನ್ನು ತಪ್ಪಿಸಿಕೊಳ್ಳಲು ಭಾಷೆಯ ಷರತ್ತನ್ನು ಕಾಗದದಿಂದ ತೆಗೆದು, ಕೆಲಸಕ್ಕೆ ಸೇರಿದ ಮೇಲೆ ಬಾಯಿಮಾತಿನಲ್ಲಿ ಕೇಳುವ ಮಾಲೀಕರಿದ್ದಾರೆ. ಸಂದರ್ಶನದಲ್ಲಿ ಭಾಷೆಯ ಪರೀಕ್ಷೆ ನಡೆದಿದ್ದು, ಅರ್ಜಿಯಲ್ಲಿ ಅದರ ಸುಳಿವೇ ಇಲ್ಲದಿದ್ದರೆ ಸೇರುವ ಮೊದಲೇ ಕೇಳಿ.

ಹಂತಕ್ಕೆ ಈಗ ಇನ್ನೊಂದು ತೂಕ ಬಂದಿದೆ. 2025ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮದಂತೆ, ಅರ್ಜಿಗಳು ಮಿತಿಗಿಂತ ಹೆಚ್ಚಾದಾಗ ನಡೆಯುವ ಎಚ್-1ಬಿ ಲಾಟರಿಯಲ್ಲಿ ನಾಲ್ಕನೇ ಹಂತದ ಸಂಬಳಕ್ಕೆ ನಾಲ್ಕು ಚೀಟಿ, ಮೊದಲ ಹಂತಕ್ಕೆ ಒಂದೇ. ಅದೇ ವರ್ಷದ ಸೆಪ್ಟೆಂಬರ್ ಆದೇಶದಂತೆ, ಅಮೆರಿಕದ ಹೊರಗಿರುವವರಿಗೆ ಹೊಸ ಅರ್ಜಿ ಹಾಕುವ ಕಂಪನಿ 1,00,000 ಡಾಲರ್ ಕಟ್ಟಬೇಕು ಎಂದಾಯಿತು. ಪುಟ ಕಟ್ಟುವ ಸಣ್ಣ ಕಂಪನಿ ಇದನ್ನು ಕಟ್ಟುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಾನು ಮೊದಲು ಅನುಮಾನಪಡುವುದು ಆ ಭರವಸೆಯನ್ನೇ.

ಜಾಗದ ವಿಷಯ ಚಿಕ್ಕದು, ಆದರೆ ಮನೆಯಿಂದ ಕೆಲಸ ಮಾಡುವವರಿಗೆ ಮುಖ್ಯ. ವೇತನ ನಿಗದಿಯಾಗುವುದು ನೀವು ಕೂತು ಕೆಲಸ ಮಾಡುವ ಪ್ರದೇಶಕ್ಕೆ, ಕಂಪನಿಯ ಮುಖ್ಯ ಕಚೇರಿ ಇರುವ ಊರಿಗಲ್ಲ. ಬೇರೆ ಮಹಾನಗರ ವಲಯಕ್ಕೆ ಮನೆ ಬದಲಿಸಿ ಅಲ್ಲಿಂದಲೇ ಫೈಲ್ ಕಳಿಸುತ್ತೇನೆ ಎಂದರೆ, ಕಂಪನಿ ಹೊಸ ಎಲ್‌ಸಿಎ ಪಡೆದು ತಿದ್ದುಪಡಿ ಅರ್ಜಿ ಹಾಕಬೇಕು. 2015ರ ಸಿಮಿಯೋ ಪ್ರಕರಣದ ತೀರ್ಮಾನದ ನಂತರ ಇದರಲ್ಲಿ ಸಂಶಯವಿಲ್ಲ. ಎಲ್‌ಸಿಎ ಎಂದರೆ ಈ ವೇತನ ಕೊಡುತ್ತೇವೆ ಎಂದು ಕಂಪನಿ ಕಾರ್ಮಿಕ ಇಲಾಖೆಗೆ ಬರೆದುಕೊಟ್ಟ ಮುಚ್ಚಳಿಕೆ. ಕೆಲಸಕ್ಕೆ ಹಾಜರಾಗುವ ದಿನದೊಳಗೆ ಅದರ ಪ್ರತಿ ನಿಮ್ಮ ಕೈಗೆ ಬರಬೇಕು. ಬಾರದಿದ್ದರೆ ಕೇಳಿ ಪಡೆಯಿರಿ, ಅದರಲ್ಲಿ ಸಂಕೇತ, ಹಂತ, ಸ್ಥಳ, ವೇತನ ನಾಲ್ಕೂ ಇರುತ್ತವೆ.

ಕಾಗದದಲ್ಲಿ ಸರಿಯಾಗಿರುವ ಸಂಬಳ ಕೈಗೆ ಬರುವಾಗ ಸವೆಯುವ ದಾರಿಗಳು ಹಲವು. ಡಿಟಿಪಿಯಲ್ಲಿ ಕೆಲಸ ಅಲೆ ಅಲೆಯಾಗಿ ಬರುತ್ತದೆ. ಕ್ಯಾಟಲಾಗ್ ಸೀಸನ್ ಮುಗಿದರೆ ಎರಡು ವಾರ ಖಾಲಿ. ಆ ಖಾಲಿ ದಿನಗಳಿಗೂ ಸಂಬಳ ಕೊಡಬೇಕು, ಪ್ರಾಜೆಕ್ಟ್ ಇಲ್ಲ ಎಂಬುದು ನೆಪವಾಗದು. ನೀವೇ ಸ್ವಂತ ಕಾರಣಕ್ಕೆ ರಜೆ ಕೇಳಿದರೆ ಮಾತ್ರ ಬೇರೆ. ವಿದೇಶದಿಂದ ಬಂದಿಳಿದವರಿಗೆ ಕೆಲಸ ಶುರುವಾಗದಿದ್ದರೂ ಹೆಚ್ಚೆಂದರೆ 30 ದಿನದೊಳಗೆ ಸಂಬಳ ಶುರುವಾಗಬೇಕು. ಕಡಿತದ ವಿಷಯಕ್ಕೆ ಬಂದರೆ, ಅರ್ಜಿಯ ವಕೀಲರ ಫೀ, ಸರ್ಕಾರಿ ಶುಲ್ಕ ಕಂಪನಿಯ ವ್ಯಾಪಾರದ ಖರ್ಚು. ಅದನ್ನು ನಿಮ್ಮ ಸಂಬಳದಿಂದ ಹಿಡಿದು ಸಂಬಳ ನಿಗದಿಗಿಂತ ಕೆಳಗಿಳಿದರೆ ಅದು ಉಲ್ಲಂಘನೆ. ಕಂಪನಿಯ ಗಾತ್ರ ನೋಡಿ 750 ಅಥವಾ 1,500 ಡಾಲರ್ ಆಗುವ, ಅರ್ಜಿಯ ಜೊತೆ ಸರ್ಕಾರಕ್ಕೆ ಕಟ್ಟುವ ತರಬೇತಿ ಶುಲ್ಕವನ್ನಂತೂ ಯಾವ ರೂಪದಲ್ಲೂ ನೌಕರನಿಂದ ವಸೂಲಿ ಮಾಡುವಂತಿಲ್ಲ. ತೆರಿಗೆಗೆ ತೋರಿಸದೆ ಊಟ-ವಸತಿಯ ಭತ್ಯೆ ಎಂದು ಕೊಡುವ ಹಣ ನಿಗದಿತ ವೇತನದ ಲೆಕ್ಕಕ್ಕೆ ಬರದು. ಕಡಿಮೆ ಸಂಬಳಕ್ಕೆ ನಾನೇ ಒಪ್ಪಿ ಸಹಿ ಹಾಕಿದ್ದೇನಲ್ಲ ಎಂದು ಹೆದರುವವರಿಗೆ ಒಂದು ಸಮಾಧಾನ: ಈ ಹಕ್ಕನ್ನು ನೀವು ಬರೆದುಕೊಟ್ಟರೂ ಬಿಟ್ಟುಕೊಡಲಾಗದು.

ಓವರ್‌ಟೈಮ್ ಬೇರೆಯೇ ಕಾನೂನು. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಎಂಬುದು ವೀಸಾ ಯಾವುದಾದರೂ ಅನ್ವಯ. ಮಾಲೀಕರು ಇದಕ್ಕೆ ವಿನಾಯಿತಿ ಹೇಳುವುದು ಸೃಜನಶೀಲ ವೃತ್ತಿಪರ ಎಂಬ ವರ್ಗದ ಮೇಲೆ. ಕಲ್ಪನೆ, ಸ್ವಂತಿಕೆ ಬೇಡುವ ಕೆಲಸಕ್ಕೆ ಮಾತ್ರ ಆ ವರ್ಗ. ಕೊಟ್ಟ ಲೇಔಟ್‌ಗೆ ಪುಟ ತುಂಬಿಸುವವರು ಅದರೊಳಗೆ ಬರುವುದು ಕಷ್ಟ. ಮಾಸಿಕ ಸಂಬಳ ಎಂದ ಮಾತ್ರಕ್ಕೆ ಓವರ್‌ಟೈಮ್ ಇಲ್ಲ ಎಂದಲ್ಲ.

ಎಲ್-1ರಂಥ ಕಂಪನಿಯೊಳಗಿನ ವರ್ಗಾವಣೆಗೆ ಚಾಲ್ತಿ ವೇತನದ ನಿಯಮವೇ ಇಲ್ಲ. ಹಾಗಾದರೆ ಊರಿನ ರೂಪಾಯಿ ಸಂಬಳ ಸಾಕೇ? ಸಾಲದು. ಕೇಂದ್ರದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್, ರಾಜ್ಯದ್ದು ಹೆಚ್ಚಿದ್ದರೆ ಅದು. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ 16.50 ಇತ್ತು. ಅದೇ ರಾಜ್ಯದ ಫ್ರೀಮಾಂಟ್‌ನ ಮುದ್ರಣ ತಂತ್ರಜ್ಞಾನ ಕಂಪನಿಯೊಂದು ಬೆಂಗಳೂರಿನ ಕಚೇರಿಯಿಂದ ಎಂಟು ನೌಕರರನ್ನು ಕರೆಸಿ, ಊರಿನ ಸಂಬಳವನ್ನೇ ರೂಪಾಯಿಯಲ್ಲಿ ಕೊಟ್ಟಿತ್ತು. ಲೆಕ್ಕ ಹಾಕಿದರೆ ಗಂಟೆಗೆ 1.21 ಡಾಲರ್, ಕೆಲಸ ವಾರಕ್ಕೆ 120 ಗಂಟೆಯವರೆಗೆ. 2014ರಲ್ಲಿ ಕಾರ್ಮಿಕ ಇಲಾಖೆ 40,000 ಡಾಲರ್‌ಗೂ ಹೆಚ್ಚು ಬಾಕಿ ಕೊಡಿಸಿತು. ದಂಡ 3,520 ಡಾಲರ್, ಅಷ್ಟು ದೊಡ್ಡ ಕಂಪನಿಗೆ ಅದು ಯಾವ ಲೆಕ್ಕ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಡೆಸ್ಕ್‌ಟಾಪ್ ಪಬ್ಲಿಷರ್ ಎಂಬ ಹೆಸರಿನಲ್ಲೇ ಹೋಗಲು ನೇರವಾದ ದಾರಿ ಪರ್ಮ್ (ಕಾರ್ಮಿಕ ಇಲಾಖೆ ಮಾಲೀಕರಿಗೆ ಕೊಡುವ ಪ್ರಮಾಣೀಕರಣ) ಮೂಲಕ ಇಬಿ-3 ಗ್ರೀನ್ ಕಾರ್ಡ್, ಅಂದರೆ ಉದ್ಯೋಗದ ಆಧಾರದ ಮೇಲೆ ಸಿಗುವ ಕಾಯಂ ವಾಸದ ಹಕ್ಕು. ಎರಡು ವರ್ಷದ ತರಬೇತಿ ಅಥವಾ ಅನುಭವ ಬೇಡುವ ಹುದ್ದೆಯಾದರೆ ಕುಶಲ ಕೆಲಸಗಾರರ ವರ್ಗ, ಪದವಿ ಕಡ್ಡಾಯವಲ್ಲ. ಇಲ್ಲಿ ಮಾಲೀಕರು ಅಂದಾಜಿನ ಮೇಲೆ ಹೋಗುವಂತಿಲ್ಲ, ಇಲಾಖೆಯ ವೇತನ ಕೇಂದ್ರದಿಂದ ಲಿಖಿತ ನಿರ್ಧಾರ ಪಡೆಯಬೇಕು. ಆ ವೇತನ ಕೊಡುವ ಕರ್ತವ್ಯ ಶುರುವಾಗುವುದು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ. ಆದರೆ ಕೊಡುವ ಆರ್ಥಿಕ ಶಕ್ತಿಯನ್ನು ಅರ್ಜಿಯ ದಿನದಿಂದಲೇ ತೆರಿಗೆ ದಾಖಲೆಗಳಲ್ಲಿ ತೋರಿಸಬೇಕು. ಭಾರತೀಯರ ಸರದಿ ವರ್ಷಗಟ್ಟಲೆ ಉದ್ದವಿರುವುದರಿಂದ ಸಣ್ಣ ಮುದ್ರಣ ಘಟಕಗಳು ಎಡವುವುದು ಇಲ್ಲಿ. ಪರ್ಮ್ ಹಂತದ ವಕೀಲರ ಫೀಯನ್ನು 2007ರಿಂದ ಮಾಲೀಕರೇ ಕೊಡಬೇಕು. ನಿಮ್ಮಿಂದ ಕೇಳಿದರೆ ಅರ್ಜಿಯೇ ಅಪಾಯದಲ್ಲಿದೆ ಎಂದು ತಿಳಿಯಿರಿ.

ಎಚ್-1ಬಿಯಲ್ಲಿ ಸಂಬಳ ಕಡಿಮೆ ಬಂದಿದ್ದರೆ ಡಬ್ಲ್ಯುಎಚ್-4 ಎಂಬ ಫಾರಂ ತುಂಬಿ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ ಕೊಡಬೇಕು. ಉಲ್ಲಂಘನೆ ನಡೆದು 12 ತಿಂಗಳೊಳಗೆ ಕೊಡಬೇಕು ಎಂಬುದನ್ನು ಮರೆಯಬೇಡಿ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್‌ಸಿಎ ಪ್ರತಿ, ಫೈಲ್ ಕಳಿಸಿದ ಇಮೇಲ್‌ಗಳ ಸಮಯ ಇವಿಷ್ಟು ಸಾಕ್ಷ್ಯವಾಗುತ್ತವೆ. ಇಮೇಲ್‌ಗಳನ್ನು ಮೊದಲೇ ಎತ್ತಿಡಿ, ಕೆಲಸದಿಂದ ತೆಗೆದ ದಿನವೇ ಖಾತೆ ಮುಚ್ಚಿಬಿಡುತ್ತಾರೆ. ದೂರು ಕೊಟ್ಟದ್ದಕ್ಕೆ ಕೆಲಸ ಕಳೆದುಕೊಂಡರೆ 60 ದಿನಗಳವರೆಗಿನ ಅವಧಿಯೊಳಗೆ ಹೊಸ ಮಾಲೀಕರು ಅರ್ಜಿ ಹಾಕಬಹುದು. ಆ ಅವಧಿ ಮೀರಿದ್ದರೂ, ಸೇಡಿನ ಕ್ರಮದಿಂದ ಹೀಗಾಯಿತು ಎಂಬುದಕ್ಕೆ ದಾಖಲೆ ಲಗತ್ತಿಸಿದರೆ ತಡವಾದದ್ದನ್ನು ವಲಸೆ ಇಲಾಖೆ ಮನ್ನಿಸಲು 2017ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಅವಕಾಶವಿದೆ. ಆ ದಾಖಲೆಗಳಲ್ಲಿ ಮುಖ್ಯವಾದದ್ದು ನೀವು ಸಲ್ಲಿಸಿದ ಡಬ್ಲ್ಯುಎಚ್-4ರ ಪ್ರತಿ, ಹಾಗಾಗಿ ಫಾರಂ ಕೊಡುವಾಗಲೇ ಒಂದು ಪ್ರತಿ ನಿಮ್ಮಲ್ಲಿ ಉಳಿಸಿಕೊಳ್ಳಿ.