ಒಂದು ಸಲವಾದರೂ ಮರಿ ಹಾಕಲೇಬೇಕಾ?

ಪ್ರಶ್ನೆ: ನಮ್ಮ ಹೆಣ್ಣು ನಾಯಿಗೆ ಏಳು ತಿಂಗಳು. ಮರಿ ಆಗದ ಹಾಗೆ ಆಪರೇಷನ್ ಮಾಡಿಸೋಣ ಅಂದರೆ ಮನೆಯ ಹಿರಿಯರು, ‘ಒಂದು ಸಲವಾದರೂ ಮರಿ ಹಾಕಲಿ, ಇಲ್ಲದಿದ್ದರೆ ಪಾಪ’ ಅನ್ನುತ್ತಾರೆ. ಖರ್ಚೂ ಜಾಸ್ತಿ ಅಂತ ಕೇಳಿದ್ದೇವೆ. ಏನು ಮಾಡಲಿ?
– ಓದುಗರೊಬ್ಬರು, ನಿಟುವಳ್ಳಿ, ದಾವಣಗೆರೆ

ಬೇಡ. ಒಂದು ಸಲವೂ ಮರಿ ಹಾಕಬೇಕಿಲ್ಲ. ಮರಿ ಹಾಕದಿದ್ದರೆ ನಾಯಿ ಕೊರಗುತ್ತದೆ ಅನ್ನುವುದು ಬಾಯಿಂದ ಬಾಯಿಗೆ ಬಂದ ಮಾತು. ಬೆದೆಗೆ ಬಂದಾಗ ಮೈಯೊಳಗಿನ ಹಾರ್ಮೋನು ಅದನ್ನು ಗಂಡಿನ ಕಡೆ ಎಳೆಯುತ್ತದೆ, ಅಷ್ಟೇ. ತಾಯಿಯಾಗಲಿಲ್ಲವಲ್ಲ ಅನ್ನುವ ನೋವು ನಮ್ಮದು, ನಾಯಿಯದಲ್ಲ.

ಇನ್ನು ಪಾಪದ ಮಾತು. ನಿಮ್ಮ ಹಿರಿಯರು ಬೇಸಾಯ ಕಂಡವರಾದರೆ ಅವರಿಗೆ ಒಂದು ಮಾತು ಹೇಳಿ ನೋಡಿ. ಬೀಜ ಒಡೆಸದೆ ಹೋರಿ ಎತ್ತಾಗುವುದಿಲ್ಲ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ಪೂಜೆ ಮಾಡುವುದು ಆ ಎತ್ತಿಗೇ ಅಲ್ವಾ? ಹಿಂದೆ ಆ ಕೆಲಸವನ್ನು ಅರಿವಳಿಕೆಯೇ ಇಲ್ಲದೆ ಮಾಡುತ್ತಿದ್ದರು. ನಾಯಿಗಾದರೆ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಒಪ್ಪಿದ್ದು ಈ ಮಾತಿಗೆ. ಆದರೆ ಅಷ್ಟರಲ್ಲಿ ತಡವಾಗಿತ್ತು.

ನಾವೂ ‘ಒಂದು ಸಲ’ ಅಂತಲೇ ಬಿಟ್ಟಿದ್ದೆವು. ಆರು ಮರಿ ಹುಟ್ಟಿದವು. ಎರಡು ಗಂಡು, ನಾಲ್ಕು ಹೆಣ್ಣು. ಗಂಡು ಮರಿಗಳಿಗೆ ಕಣ್ಣು ಬಿಡುವ ಮೊದಲೇ ಜನ ಬಂದು ಹೇಳಿಹೋದರು. ಹೆಣ್ಣನ್ನು ಯಾರೂ ಕೇಳಲಿಲ್ಲ. ‘ಮಾರ್ಕೆಟ್ ಹತ್ತಿರ ಬಿಟ್ಟುಬಿಡಿ, ಹೇಗೋ ಬದುಕುತ್ತವೆ’ ಅಂದವರೇ ಜಾಸ್ತಿ. ಒಂದನ್ನು ನಾವೇ ಇಟ್ಟುಕೊಂಡೆವು. ಒಂದು ಚನ್ನಗಿರಿ ಕಡೆಯ ತೋಟಕ್ಕೆ ಹೋಯಿತು. ಒಂದು ಪಾರ್ವೋ ಅನ್ನುವ ವಾಂತಿಭೇದಿಯ ವೈರಸ್ ರೋಗ ಬಂದು ನಾಲ್ಕೇ ದಿನದಲ್ಲಿ ಸತ್ತಿತು. ಕೊನೆಯದನ್ನು ಪರಿಚಯದವರೊಬ್ಬರು ಪ್ರೀತಿಯಿಂದಲೇ ಒಯ್ದರು. ಅದು ಬೆದೆಗೆ ಬಂದು ಗೇಟಿನ ಮುಂದೆ ಗಂಡು ನಾಯಿಗಳು ಸೇರತೊಡಗಿದ ಮೇಲೆ ಹೊರಗೆ ಬಿಟ್ಟರು. ಮುಂದೊಂದು ದಿನ ಅದನ್ನು ಕುಂದುವಾಡ ಕೆರೆ ಹತ್ತಿರ ನೋಡಿದೆ. ಹೊಟ್ಟೆ ನೆಲಕ್ಕೆ ತಾಗುವಷ್ಟು ತುಂಬಿತ್ತು. ನನ್ನ ಗುರುತು ಹಿಡಿದು ಬಾಲ ಅಲ್ಲಾಡಿಸಿತು. ಇವತ್ತಿಗೂ ಅದನ್ನು ನೆನೆದರೆ ಕರುಳು ಚುರುಕ್ ಅನ್ನುತ್ತದೆ.

ಬೀದಿನಾಯಿ ಜಾಸ್ತಿಯಾದವು ಅಂತ ಬೈಯುವಾಗ ಇದನ್ನು ನೆನೆಯಬೇಕು. ಅವುಗಳಲ್ಲಿ ಎಷ್ಟೋ ನಾಯಿ ನಮ್ಮಂಥ ಮನೆಗಳಲ್ಲಿ ಹುಟ್ಟಿದವೇ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭ ಕಟ್ಟಿದರೆ 63 ದಿನ ಆಸುಪಾಸಿಗೆ ಮರಿ. ಬೆಕ್ಕಂತೂ ನಾಲ್ಕೈದು ತಿಂಗಳಿಗೇ ಗರ್ಭ ಕಟ್ಟಬಲ್ಲದು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ದೂಡಿ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಆರೋಗ್ಯದ ಲೆಕ್ಕವೂ ಆಪರೇಷನ್ ಕಡೆಗೇ ವಾಲುತ್ತದೆ. ಆಪರೇಷನ್ ಆಗದ ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು. ಪಯೋಮೆಟ್ರಾ ಅನ್ನುತ್ತಾರೆ. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಊಟ ಬಿಡುತ್ತದೆ, ಸುಮ್ನೆ ನೀರು ಕುಡಿಯುತ್ತಲೇ ಇರುತ್ತದೆ. ತಡ ಮಾಡಿದರೆ ಜೀವಕ್ಕೇ ಅಪಾಯ. ಆಗ ಮಾಡುವುದೂ ಗರ್ಭಕೋಶ ತೆಗೆಯುವ ಆಪರೇಷನ್ನೇ. ಆದರೆ ನಿತ್ರಾಣವಾದ ನಾಯಿಗೆ, ಅವಸರದಲ್ಲಿ, ಹೆಚ್ಚು ಖರ್ಚಿನಲ್ಲಿ. ಗಂಡು ನಾಯಿಯ ಜೊತೆ ಸೇರುವಾಗ ಅಂಟುವ ಗಡ್ಡೆಯ ರೋಗವೊಂದಿದೆ, ಅದರ ಭಯವೂ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಖರ್ಚು ಹೇಗೆ ಇಳಿಸುವುದು? ಅರಿವಳಿಕೆ ಔಷಧಿ ನಾಯಿಯ ತೂಕದ ಮೇಲೆ ಹೋಗುತ್ತದೆ. ಹಾಗಾಗಿ ಚಿಕ್ಕ ವಯಸ್ಸಿನ, ಸಣ್ಣ ಮೈಯ ನಾಯಿಗೆ ಕಡಿಮೆ ಸಾಕು. ಮೊದಲು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಔಷಧಿ, ಹೊಲಿಗೆ ದಾರ ಹೊರಗೆ ತರಬೇಕಾ ಅಂತ ಮುಂಚೆಯೇ ಕೇಳಿಕೊಳ್ಳಿ. ಖಾಸಗಿ ವೈದ್ಯರ ಬಳಿ ಒಂದೇ ಓಣಿಯ ಮೂರ್ನಾಲ್ಕು ಮನೆಯವರು ಸೇರಿ ಒಂದೇ ದಿನ ಮಾಡಿಸುತ್ತೇವೆ ಅಂತ ಮಾತಾಡಿ ನೋಡಿ. ಮನೆಯಲ್ಲಿ ಗಂಡು ನಾಯಿ ಇದ್ದರೆ ಅದರ ಆಪರೇಷನ್ ಇನ್ನೂ ಸಲೀಸು. ಬೀದಿನಾಯಿಗಳ ಹೊಣೆ, 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಂತೆ, ಪಾಲಿಕೆಯದು. ಸಾಕಿದ ನಾಯಿಯ ಹೊಣೆ ಸಾಕಿದವರದು.

ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ. ಆಮೇಲೆ 10ರಿಂದ 14 ದಿನ ಹೊಲಿಗೆ ನೆಕ್ಕದಂತೆ ಕೊರಳಿಗೆ ಕಾಲರ್ ಹಾಕಿ. ‘ದಪ್ಪ ಆಗುತ್ತದೆ’ ಅನ್ನುವುದರಲ್ಲಿ ಸ್ವಲ್ಪ ನಿಜವಿದೆ. ಊಟ ತುಸು ಕಡಿಮೆ ಮಾಡಿ, ದಿನಾ ಓಡಾಡಿಸಿ.

ಮನೆಯಲ್ಲಿ ಮಕ್ಕಳಿದ್ದರೆ ಇದನ್ನೆಲ್ಲ ಅವರಿಂದ ಮುಚ್ಚಿಡಬೇಡಿ. ಯಾಕೆ ಆಪರೇಷನ್ ಅಂತ ಹೇಳಿ. ಕಾಲರ್ ನೋಡಿಕೊಳ್ಳುವ ಕೆಲಸ ಅವರಿಗೇ ಕೊಡಿ. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವ ಬೀದಿನಾಯಿಗೆ ಆಪರೇಷನ್ ಆಗಿದೆ ಅಂತ ತೋರಿಸಿ. ನಮ್ಮ ಓಣಿಯ ಹುಡುಗರಿಗೆ ಈ ಗುರುತು ಹೇಳಿಕೊಟ್ಟ ಮೇಲೆ ಕಲ್ಲು ಎತ್ತುತ್ತಿದ್ದ ಕೈಗಳು ಕಿವಿ ಎಣಿಸತೊಡಗಿದವು. ಮರಿ ಹಾಕಿದ ನಾಯಿಯ ಹತ್ತಿರ, ಉಣ್ಣುವ ನಾಯಿಯ ಹತ್ತಿರ ಹೋಗಬಾರದು. ನಾಯಿ ಅಟ್ಟಿಸಿ ಬಂದರೆ ಓಡದೆ ಮರದ ಹಾಗೆ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯ, ಪರಚಿದರೂ ಕಚ್ಚಿದರೂ ಮನೆಯಲ್ಲಿ ಹೇಳಲೇಬೇಕು. ಬೈಗುಳಕ್ಕೆ ಹೆದರಿ ಮಕ್ಕಳು ಗಾಯ ಮುಚ್ಚಿಡುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಬಹುತೇಕ ಅಸಾಧ್ಯ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೇಳಿದ ಮಗುವಿಗೆ ದಯವಿಟ್ಟು ಬೈಯಬೇಡಿ.

ನಿಮ್ಮದಕ್ಕೆ ಏಳು ತಿಂಗಳು ಅಂದಿರಿ. ಇನ್ನೂ ಬೆದೆಗೆ ಬಂದಿಲ್ಲವಾದರೆ ಈ ವಾರವೇ ವೈದ್ಯರಿಗೆ ತೋರಿಸಿ, ರೇಬೀಸ್ ಲಸಿಕೆಯ ಚೀಟಿ ಜೊತೆಗೆ ಒಯ್ಯಿರಿ. ತುಂಬಾ ದೊಡ್ಡ ತಳಿಯಾದರೆ ಅವರು ಸ್ವಲ್ಪ ಕಾಯಿರಿ ಅನ್ನಬಹುದು. ಈಗಾಗಲೇ ಬೆದೆಯಲ್ಲಿದ್ದರೆ ರಕ್ತಸ್ರಾವ ಜಾಸ್ತಿ ಆಗಬಹುದು, ಹಾಗಾಗಿ ಅದು ಮುಗಿದು ಎರಡು ಮೂರು ತಿಂಗಳು ಬಿಟ್ಟು ಮಾಡಿಸಿ. ಬೆದೆ ಸುಮಾರು ಮೂರು ವಾರ ಇರುತ್ತದೆ. ಅಷ್ಟು ದಿನ ಗೇಟು ಭದ್ರ ಮಾಡಿ, ಹೊರಗೆ ಕರೆದೊಯ್ಯುವಾಗ ಹಗ್ಗ ಕೈಯಲ್ಲೇ ಇರಲಿ.