ಕೊಲೆ ಸುದ್ದಿ ಹೆಚ್ಚಿದರೆ ಕೊಲೆ ಹೆಚ್ಚಿದಂತೆಯೇ?

"ಕಾಲ ಕೆಟ್ಟುಹೋಯ್ತು, ಎಲ್ಲಿ ನೋಡಿದರೂ ಕೊಲೆ, ಸುಲಿಗೆ" ಎನ್ನುವವರನ್ನು ಪುರಾವೆ ಕೇಳಿದರೆ ಬೆರಳು ಟೀವಿಯತ್ತ ಹೋಗುತ್ತದೆ. ಅಮೆರಿಕದಲ್ಲಿ 1993ರಿಂದ 2022ರ ಹೊತ್ತಿಗೆ ಹಿಂಸಾತ್ಮಕ ಅಪರಾಧಗಳ ದರ ಎಫ್‌ಬಿಐ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೂ ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಬಹುಪಾಲು ವರ್ಷ ಹೆಚ್ಚಿನವರು ಹೇಳಿದ್ದು, ದೇಶದಲ್ಲಿ ಅಪರಾಧ ಹೋದ ವರ್ಷಕ್ಕಿಂತ ಜಾಸ್ತಿಯಾಗಿದೆ ಎಂದೇ. ತಮ್ಮ ಬಡಾವಣೆಯ ಬಗ್ಗೆ ಕೇಳಿದಾಗ ಮಾತ್ರ ಹಾಗೆನ್ನುವವರು ಕಡಿಮೆ. ಬಡಾವಣೆ ಕಣ್ಣಿಗೆ ಕಾಣುತ್ತದೆ, ದೇಶ ಕಾಣುವುದು ಸುದ್ದಿಯಲ್ಲೇ.

ಟ್ವರ್‌ಸ್ಕಿ ಮತ್ತು ಕಾನೆಮನ್ ಎಂಬ ಮನಃಶಾಸ್ತ್ರಜ್ಞರು 1973ರಲ್ಲಿ ಇದರ ಬೇರನ್ನು ತೋರಿಸಿದರು: ಒಂದು ಘಟನೆ ಎಷ್ಟು ಸಲ ನಡೆಯುತ್ತದೆಂದು ಅಂದಾಜಿಸುವಾಗ ನಾವು ಎಣಿಸುವುದಿಲ್ಲ, ಉದಾಹರಣೆ ಎಷ್ಟು ಸಲೀಸಾಗಿ ನೆನಪಿಗೆ ಬಂತೆಂದು ನೋಡುತ್ತೇವೆ. ಇದರ ನಿಜವಾದ ಸ್ವಾರಸ್ಯ ಹೊರಬಿದ್ದದ್ದು 1991ರಲ್ಲಿ. ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಕೆಲವರಿಗೆ ತಾವು ದಿಟ್ಟತನ ತೋರಿದ 6 ಸಂದರ್ಭಗಳನ್ನು, ಇನ್ನು ಕೆಲವರಿಗೆ 12 ಸಂದರ್ಭಗಳನ್ನು ನೆನೆದು ಬರೆಯಲು ಹೇಳಿದರು. ಕೈಯಲ್ಲಿ 12 ಪುರಾವೆ ಇದ್ದವರೇ ತಮ್ಮನ್ನು ಹೆಚ್ಚು ದಿಟ್ಟರೆಂದುಕೊಳ್ಳಬೇಕಿತ್ತು. ಆದದ್ದು ಉಲ್ಟಾ! ಹನ್ನೆರಡನ್ನು ಹುಡುಕಲು ತಿಣುಕಾಡಿದವರು "ಇಷ್ಟು ಕಷ್ಟಪಡಬೇಕಾದರೆ ನಾನು ಅಂಥ ದಿಟ್ಟನಲ್ಲ" ಎಂಬ ತೀರ್ಮಾನಕ್ಕೆ ಬಂದರು. ಅಂದರೆ ಮನಸ್ಸಿಗೆ ಮುಖ್ಯ ಸಂಖ್ಯೆಯಲ್ಲ, ಸರಾಗ. ದಿನವೂ ತೆಗೆದು ಹಾಕಿ ಮಾಡುವ ಬಾಗಿಲು ಕಿರುಗುಟ್ಟದೆ ತೆರೆಯಿತೆಂದು, ಒಳಗೆ ಸಾಮಾನು ಬಹಳ ಇದೆ ಎಂದುಕೊಂಡಂತೆ ಇದು. ಒಂದೇ ಕೊಲೆಯ ಸಿಸಿಟಿವಿ ದೃಶ್ಯ ದಿನಕ್ಕೆ ನಲವತ್ತು ಸಲ ಓಡಿದರೆ ನಡೆದ ಕೊಲೆ ಒಂದೇ, ಆದರೆ ಬಾಗಿಲಿಗೆ ನಲವತ್ತು ಸಲ ಎಣ್ಣೆ.

ಬಾರ್ಬರಾ ಕೂಂಬ್ಸ್ ಮತ್ತು ಪಾಲ್ ಸ್ಲೋವಿಕ್ 1979ರಲ್ಲಿ ಅಮೆರಿಕದ ಎರಡು ಪತ್ರಿಕೆಗಳ ವರದಿಗಳನ್ನು ಎಣಿಸಿದರು. ಕೊಲೆಗಿಂತ ರೋಗಗಳಿಂದ ಸಾಯುವವರು ನೂರು ಪಟ್ಟಿನಷ್ಟಿದ್ದರು. ವರದಿಗಳು ಮಾತ್ರ ರೋಗಕ್ಕಿಂತ ಕೊಲೆಯ ಬಗ್ಗೆಯೇ ಸುಮಾರು ಮೂರು ಪಟ್ಟು.

ಹಾಗಾದರೆ ಸುದ್ದಿ ಹೆಚ್ಚಿದಷ್ಟೂ ಭಯ ಹೆಚ್ಚುತ್ತದೆಯೇ? ಇಲ್ಲ, ಇಲ್ಲೇ ಬಹಳ ಜನ ಎಡವುವುದು. ಲಿಂಡಾ ಹೀತ್ 1984ರಲ್ಲಿ ಕಂಡದ್ದು: ಯಾರಿಗೆ ಬೇಕಾದರೂ ಆಗಬಹುದಿತ್ತು ಎನಿಸುವ ಕೃತ್ಯ ಓದುಗರ ಊರಿನಲ್ಲೇ ನಡೆದಿದ್ದರೆ ಭಯ ಏರುತ್ತದೆ. ಅದೇ ಬಗೆಯ ಕೃತ್ಯ ದೂರದ ಊರಿನದಾದರೆ ಇಳಿಯುತ್ತದೆ, "ಸದ್ಯ, ನಮ್ಮಲ್ಲಿ ಹೀಗಿಲ್ಲ" ಅನ್ನಿಸಿ. ಈಗ ತೊಂದರೆ ಏನೆಂದರೆ, ಮೊಬೈಲಿಗೆ ಬರುವ ತುಣುಕು ವಿಡಿಯೋದಲ್ಲಿ ಊರಿನ ಹೆಸರೇ ಇರುವುದಿಲ್ಲ. ನೋಡುವವರಿಗೆ ಅದು ಪಕ್ಕದ ಬೀದಿಯೂ ಆಗಬಹುದು.

ಸುದ್ದಿಯಲ್ಲಿ ಹುಡುಕಬೇಕಾದ್ದು ಛೇದ, ಅಂದರೆ ಯಾವುದರಿಂದ ಭಾಗಿಸಬೇಕೋ ಆ ಸಂಖ್ಯೆ: ಎಷ್ಟು ಜನರಲ್ಲಿ, ಎಷ್ಟು ಅವಧಿಯಲ್ಲಿ? ವರ್ಷಕ್ಕೆ 2 ಕೊಲೆ ಇದ್ದ ಊರಲ್ಲಿ 4 ಆದರೆ "ಶೇ. 100 ಏರಿಕೆ" ಎಂಬ ಶೀರ್ಷಿಕೆ ಸುಳ್ಳಲ್ಲ, ಆದರೆ ಅಷ್ಟು ಸಣ್ಣ ಸಂಖ್ಯೆ ಆಕಸ್ಮಿಕವಾಗಿಯೇ ಏರಿಳಿಯುತ್ತದೆ, ಐದು ವರ್ಷದ ಸರಾಸರಿ ನೋಡಬೇಕು. ಹಲ್ಲೆ, ಕಿರುಕುಳದ ಪ್ರಕರಣಗಳು ಏರಿದರೆ ದೂರು ಕೊಡುವವರು ಹೆಚ್ಚಿದ್ದಾರೆ ಎಂದೂ ಅರ್ಥವಿರಬಹುದು. ಕೊಲೆಯ ಲೆಕ್ಕವೇ ಹೆಚ್ಚು ನಂಬುವಂಥದ್ದು, ಶವವನ್ನು ಬಚ್ಚಿಡುವುದು ಕಷ್ಟ. ಇನ್ನೊಂದು, ಕೊಂದವರಿಗೂ ಸತ್ತವರಿಗೂ ಇದ್ದ ಸಂಬಂಧ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಸುಮಾರು 85,000 ಮಹಿಳೆಯರು ಮತ್ತು ಬಾಲಕಿಯರಲ್ಲಿ ಶೇ. 60ರಷ್ಟು ಮಂದಿಯನ್ನು ಕೊಂದವರು ಸಂಗಾತಿ ಇಲ್ಲವೇ ಕುಟುಂಬದವರು. ಕತ್ತಲ ಬೀದಿಯ ಅಪರಿಚಿತನ ಭಯಕ್ಕೆ ಟೀವಿ ಎಷ್ಟೇ ಎಣ್ಣೆ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ.